ಮಡಿಕೆ ಹಾಳೆಗಳು

೨೩ ನವೆಂಬರ್ ೧೯೫೩

ಇವತ್ತೂ ರಿಜಿಸ್ಟರ್‌ಗಳೇ. ಬೈಕುಲ್ಲಾ ಮಾರ್ಕೆಟ್ಟಿನ ದಲಾಲರವು. ರಟ್ಟು ಕತ್ತರಿಸಿದೆ, ಬಟ್ಟೆ ಅಂಟಿಸಿದೆ, ಪ್ರೆಸ್ಸಿಗೆ ಇಟ್ಟೆ. ಬೆಳಿಗ್ಗೆ ಕುದಿಸಿದ ಅಂಟು ಮಧ್ಯಾಹ್ನಕ್ಕೇ ಹುಳಿ ವಾಸನೆ ಹೊಡೆಯಿತು. ಮೈಲುತುತ್ತ ಹಾಕಲು ಮರೆತಿದ್ದೆ. ಇತ್ತೀಚೆಗೆ ಮರೆವು ಜಾಸ್ತಿ.

ಅಂಗಡಿಯ ಹುಡುಗ ಸೀನ ಕಟಿಂಗ್ ಮಷಿನ್ನಿಗೆ ಎಣ್ಣೆ ಬಿಡುತ್ತ ತುಳುವಿನಲ್ಲಿ ಏನೋ ಗುನುಗುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿದ. ಹಾಡಪ್ಪ ಎನ್ನಬೇಕಿತ್ತು. ರಟ್ಟು ಎತ್ತಿಕೊಂಡೆ. ಶ್ರಾವಣದಿಂದ ಹೀಗೇ — ನಾನು ಒಳಗೆ ಬಂದರೆ ಜನ ದನಿ ತಗ್ಗಿಸುತ್ತಾರೆ.

ಸಂಜೆ ಕುರ್ಲಾ ಲೋಕಲ್‌ನಲ್ಲಿ ನಿಂತೇ ಬಂದೆ. ಚಾಳಿನ ಮೆಟ್ಟಿಲು ಹತ್ತುವಾಗಲೇ ಅತ್ತೆಯ ಕೆಮ್ಮು. ತೀರಿಹೋದ ಮಗಳ ದಿವಸಕ್ಕೆಂದು ಧಾರವಾಡದಿಂದ ಬಂದವಳು ಇನ್ನೂ ತಿರುಗಿ ಹೋಗಿಲ್ಲ. ಹೋಗು ಎಂದು ನಾನೂ ಹೇಳಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ಚಂದ್ರವ್ವನ ಹೆಸರು ಎತ್ತದೆ, ಉಂಡು ಮಲಗುತ್ತೇವೆ.

ಈ ಡೈರಿ ಗಿರಾಕಿ ಬೇಡವೆಂದು ಬಿಟ್ಟದ್ದು. ಹಾಳೆ ಒಳ್ಳೆಯದು. ಸಂಜೆ ಅವಳ ಮುಂದೆ ಆಡುತ್ತಿದ್ದ ಮಾತನ್ನು ಎಲ್ಲಾದರೂ ಇಡಬೇಕಲ್ಲ.

೨೬ ನವೆಂಬರ್

ವಾರಿಜಾ ಬಾಯಿ ಬಂದಿದ್ದರು. ಗ್ರಾಂಟ್ ರೋಡ್ ಕಡೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಮಂಗಳೂರಿನವರು. ಆ ಕಾಲೇಜಿನ ಲೈಬ್ರರಿ ಪುಸ್ತಕಗಳಿಗೆಲ್ಲ ಮೊದಲಿನಿಂದ ನಮ್ಮದೇ ಬೈಂಡಿಂಗ್. ಯಾವಾಗಲೂ ಪ್ಯೂನ್ ಬರುತ್ತಿದ್ದ. ಇವತ್ತು ತಾವೇ ಟ್ಯಾಕ್ಸಿಯಿಂದ ಇಳಿದು, ಒಂದು ಗಂಟು ತಂದು ಮೇಜಿನ ಮೇಲಿಟ್ಟರು. ಕೂಸನ್ನು ಮಲಗಿಸಿದ ಹಾಗೆ.

“ಮುರಿಗೆಪ್ಪನವರೇ, ಇದನ್ನು ಜಾಗ್ರತೆ ಮಾಡಿ ಆಯ್ತಾ?”

“ಏನದು ಬಾಯಾರ?”

“ಬ್ಯಾಂಕಿನವರ ಬುಲೆಟಿನ್. ಹಳೇ ಸಂಚಿಕೆಗಳು. ನೋಟಿನ ಮೇಲೆ ಹೆಸರು ಉಂಟಲ್ಲ, ಆ ಬ್ಯಾಂಕು. ಅವರ ರಿಸರ್ಚ್‌ನವರು ಬರೆದದ್ದು. ಈ ಟರ್ಮ್ ನನ್ನ ಬಿ.ಎ. ಮಕ್ಕಳಿಗೆ ಇದೇ ಪಾಠ.”

ಪಾಠಪುಸ್ತಕ ಇಲ್ಲವೇ ಎಂದು ಕೇಳಿದೆ.

“ಉಂಟು. ಇಂಗ್ಲೆಂಡಿನದು. ನಮ್ಮ ಮಕ್ಕಳಿಗೆ ಲಂಡನ್ನಿನ ಬಡ್ಡಿ ದರ ಬಾಯಿಪಾಠ. ಹುಬ್ಬಳ್ಳಿ ಹತ್ತಿ ಕೊಳ್ಳಲಿಕ್ಕೆ ದುಡ್ಡು ಎಲ್ಲಿಂದ ಹೋಗ್ತದೆ ಅಂತ ಕೇಳಿದರೆ ಸೀಲಿಂಗ್ ನೋಡ್ತಾರೆ. ಇದರಲ್ಲಿ ಅದುಂಟು. ಸುಗ್ಗಿಗೆ ಮುಂಬಯಿಯಿಂದ ನೋಟು ಎಷ್ಟು ಹೋಗ್ತದೆ, ಮಳೆಗಾಲಕ್ಕೆ ಎಷ್ಟು ವಾಪಸ್ ಬರ್ತದೆ. ಜಿಲ್ಲೆ ಜಿಲ್ಲೆದು.”

ಸೀನ ಮಷಿನ್ ಹಿಂದಿನಿಂದ, “ವಾಪಸ್ ಬರುವಾಗ ಬೈಕುಲ್ಲಾದಲ್ಲಿ ಒಮ್ಮೆ ಇಳೀಲಿಕ್ಕೆ ಹೇಳಿ ಬಾಯಿ” ಅಂದ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು — ಪ್ರಿನ್ಸಿಪಾಲರಿಗೆ ಇದು ಮನಸ್ಸಿಲ್ಲ. ಬ್ಯಾಂಕಿನ ಕಾಗದ ಎಲ್ಲಾದರೂ ಪಾಠ ಆಗುತ್ತದೆಯೇ ಎನ್ನುತ್ತಾರೆ. ಈ ಒಂದು ಟರ್ಮ್ ನೋಡೋಣ ಎಂದು ಒಪ್ಪಿದ್ದಾರೆ. ಬಿಡಿ ಸಂಚಿಕೆ ಕೊಟ್ಟರೆ ಹುಡುಗರ ಕೈಯಲ್ಲಿ ಹರಿದುಹೋಗುತ್ತವೆ. ಮೂರು ಸಂಪುಟ ಕಟ್ಟಿ ರೀಡಿಂಗ್ ರೂಮಿನಲ್ಲಿ ಇಡಬೇಕು. ಬ್ಯಾಂಕಿನ ಲೈಬ್ರರಿಯವರು ತಮ್ಮ ಹೆಚ್ಚುವರಿ ಪ್ರತಿಗಳನ್ನು ಕೊಟ್ಟದ್ದು, ಕಟ್ಟಿಸಿಯೇ ವಾಪಸ್ ಕೊಡಬೇಕೆಂಬ ಷರತ್ತಿನ ಮೇಲೆ.

“ನನ್ನ ಸಹಿ ಮೇಲೆ ತಂದದ್ದು. ಹೊರಗೆ ಬೇರೆ ಪ್ರತಿ ಎಲ್ಲಿಯೂ ಸಿಗುದಿಲ್ಲ. ಇದಕ್ಕೆ ಎಂಥಾದ್ರೂ ಆದರೆ ಪಾಠ ಅಲ್ಲಿಗೆ ನಿಂತಿತು. ಮತ್ತೆ ನಾನು ಆ ಲೈಬ್ರರಿಯ ಮೆಟ್ಟಿಲು ಹತ್ತುವ ಹಾಗಿಲ್ಲ.”

ಹೋಗುವಾಗ ಬಾಗಿಲಲ್ಲಿ ತಿರುಗಿ, “ನಿಮ್ಮ ಮನೆಯವರ ಕೈಯಲ್ಲೇ ಹೊಲಿಸಿ. ಅವರು ಹೊಲಿದದ್ದು ಇಷ್ಟರವರೆಗೆ ಒಂದೂ ಬಿಚ್ಚಲಿಲ್ಲ” ಅಂದರು.

“ಆಗ್ಲಿರಿ” ಅಂದೆ.

ಸೀನ ನನ್ನನ್ನು ನೋಡಿದ. ಆಮೇಲೆ ಮಷಿನ್ನನ್ನು ನೋಡಿದ.

೨೭ ನವೆಂಬರ್

ಯಾಕೆ ಹೇಳಲಿಲ್ಲ? ಗೊತ್ತಿಲ್ಲ. ಅವರ ಬಾಯಲ್ಲಿ ಅವಳು ಇನ್ನೂ ಇದ್ದಳು. ಹಾಗೇ ಇರಲಿ ಅನ್ನಿಸಿತು.

ನಮ್ಮಲ್ಲಿ ಮಡಿಚುವುದು, ಜೋಡಿಸುವುದು, ಹೊಲಿಯುವುದು ಮನೆಯ ಕೆಲಸ, ಹೆಂಗಸರದು. ಕೊಯ್ಯುವುದು, ರಟ್ಟು ಹಾಕುವುದು ಅಂಗಡಿಯ ಕೆಲಸ, ಗಂಡಸರದು. ಬೈಕುಲ್ಲಾದ ಬೈಂಡರುಗಳೆಲ್ಲ ಹೀಗೆಯೇ. ಸಂಜೆ ಗಂಟು ಮನೆಗೆ ಹೋಗುತ್ತದೆ, ಹೊಲಿಗೆಯಾಗಿ ಅಂಗಡಿಗೆ ಬರುತ್ತದೆ. ಶ್ರಾವಣದಿಂದ ನಾನು ಗಂಟು ಒಯ್ದಿರಲಿಲ್ಲ. ಬರೀ ರೂಲು ಹಾಳೆಯ ರಿಜಿಸ್ಟರ್ ಹಿಡಿದು ಅಂಗಡಿಯಲ್ಲೇ ಹೊಲಿದು ಮುಗಿಸುತ್ತಿದ್ದೆ. ಇವತ್ತು ಒಯ್ದೆ.

ಅತ್ತೆ ಗಂಟು ಮುಟ್ಟಿ ನೋಡಿದಳು. ಕಣ್ಣು ಮಂಜು. ಬೆರಳಿನಲ್ಲೇ ನೋಡುವುದು.

“ಏನ್ ಪುಸ್ತಕ?”

“ಬ್ಯಾಂಕಿನವು ಅತ್ತಿ. ನೋಟ್ ಛಾಪಿಸ್ತಾರಲ್ಲ, ಅವರವು. ಕಾಲೇಜಿನ ಹುಡುಗ್ರು ಓದಾಕ.”

“ನೋಟ್ ಛಾಪಿಸಾವ್ರು ನೋಟ್ ಕೊಡೂದ್ ಬಿಟ್ಟು ಪುಸ್ತಕ ಕೊಡ್ತಾರಂತ! ಚಲೋ ಐತಿ ಬಿಡಪಾ ನಿಮ್ಮ ಮುಂಬೈ.” ಗಂಟಿನ ದಾರ ಎಳೆದು ನೋಡಿ, “ಯಾರ ಹೊಲ್ಯಾವ್ರು ಇದನ್ನ?”

“ನಾನ.”

“ನೀನ?” ಅಂದಳು. ಗಂಟನ್ನು ನನ್ನ ಕಡೆ ಸರಿಸಿದಳು.

೩ ಡಿಸೆಂಬರ್

ಹೊಲಿಗೆ ಬರುತ್ತಿದೆ. ಕೈ ಮರೆತಿಲ್ಲ. ಮದುವೆಯಾದ ಹೊಸದರಲ್ಲಿ ಅವಳಿಗೆ ದಬ್ಬಣ ಹಿಡಿಯುವುದು ಕಲಿಸಿದವನು ನಾನೇ. ಆಮೇಲೆ ಅವಳು ನನಗಿಂತ ಮುಂದೆ ಹೋದಳು, ನಾನು ರಟ್ಟಿನ ಕಡೆ ಹೋದೆ. ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಕೂತು ಹೊಲಿಯುತ್ತೇನೆ. ಸಂಚಿಕೆ ಮೇಲೆ ಸಂಚಿಕೆ. ನಡುನಡುವೆ ಮಡಿಚಿಟ್ಟ ದೊಡ್ಡ ಹಾಳೆಗಳಿವೆ, ಉದ್ದಕ್ಕೂ ಅಂಕಿ. ಜಿಲ್ಲೆಯ ಹೆಸರು ಎಡಕ್ಕೆ, ತಿಂಗಳು ಮೇಲೆ. ಅವನ್ನೂ ಇದ್ದ ಹಾಗೆಯೇ ಸೇರಿಸಿ ಹೊಲಿದೆ.

ಇಷ್ಟು ದಿನಗಳಲ್ಲಿ ಮೊದಲ ಬಾರಿ ಕೆಲಸ ಮಾಡುವಾಗ ಹಸಿವಾಯಿತು.

೭ ಡಿಸೆಂಬರ್

ಆಗಬಾರದ್ದು ಆಯಿತು.

ಬೆಳಿಗ್ಗೆ ಮೂರೂ ಸಂಪುಟ ಅಂಗಡಿಗೆ ತಂದೆ. ಬೆನ್ನಿಗೆ ಅಂಟು ಬಳಿದು ಒಣಗಿಸಿದೆ. ಮಧ್ಯಾಹ್ನ ಅಂಚು ಕೊಯ್ಯಲು ಸೀನನಿಗೆ ಕೊಟ್ಟೆ. ಗೆರೆ ನಾನೇ ಹಾಕಿದೆ. ಅವನು ಚಕ್ರ ತಿರುಗಿಸಿದ, ಅಲಗು ಇಳಿಯಿತು. ಅಂಚು ಕನ್ನಡಿಯ ಹಾಗೆ ಬಂತು. ಸಂತೋಷವೇ ಆಯಿತು.

ಒಂದನ್ನು ತೆರೆದೆ. ಮಡಿಚಿದ ಹಾಳೆಯನ್ನು ಬಿಡಿಸಲು ಹೋದೆ. ಬಿಡಿಸಿಕೊಳ್ಳಲಿಲ್ಲ. ಕೈಗೇ ಬಂತು. ತುಂಡು. ಅದರ ಹಿಂದೆ ಇನ್ನೊಂದು ತುಂಡು. ಮಡಿಕೆ ಇದ್ದ ಕಡೆಯೇ ಅಲಗು ಹೋಗಿದೆ. ಎಲ್ಲ ದೊಡ್ಡ ಹಾಳೆಗಳೂ, ಮೂರೂ ಸಂಪುಟದಲ್ಲಿ.

“ಎಂಥ ಆಯ್ತಣ್ಣ?” ಸೀನ ಬಗ್ಗಿ ನೋಡಿದ. ಚಕ್ರದಿಂದ ಕೈ ತೆಗೆದ. “ದೇವರೇ! ನಾನು ಕೊಯ್ದದ್ದಾ ಇದು?”

“ನಾ ಗೆರಿ ಹಾಕಿದಲ್ಲೇ ಕೊಯ್ದಿ. ನಿಂದೇನ್ ತಪ್ಪಿಲ್ಲ.”

“ಮೊದ್ಲು ಒಮ್ಮೆಯೂ ಹೀಗೆ ಆಗ್ಲಿಲ್ಲಲ್ಲ. ಎಷ್ಟು ನಕ್ಷೆ ಪುಸ್ತಕ ಕೊಯ್ದಿದ್ದೇನೆ ಈ ಕೈಯಲ್ಲಿ.”

“ಮೊದ್ಲು ಮನಿಯಿಂದ ಬರ್ತಿತ್ತು.”

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ತಿಳಿಯಿತು. ದೊಡ್ಡ ಹಾಳೆಗಳನ್ನು ಚಂದ್ರವ್ವ ತನ್ನ ಲೆಕ್ಕದಲ್ಲಿ ಮತ್ತೆ ಮಡಿಚುತ್ತಿದ್ದಳು — ಮಡಿಕೆ ಅಂಚಿಗೆ ಬಾರದ ಹಾಗೆ, ಒಳಗೆ. ಅಲಗು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಎಂದೂ ಹೇಳಲಿಲ್ಲ. ನಾನು ಎಂದೂ ಕೇಳಲಿಲ್ಲ. ಅಂಗಡಿಗೆ ಬಂದಾಗ ಅದು ಆಗಿಯೇ ಇರುತ್ತಿತ್ತು.

೧೩ ಡಿಸೆಂಬರ್

ಅಂಗಡಿಗೆ ಹೋಗಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ.

ಸೀನ ಬಂದಿದ್ದ. ಕಾಲೇಜಿನ ಪ್ಯೂನ್ ಎರಡು ಸಲ ಬಂದು ಹೋದನಂತೆ. ಚಹ ಕುಡಿದು, ದನಿ ತಗ್ಗಿಸಿ ಹೇಳಿದ: “ಅಣ್ಣ, ತುಂಡುಗಳನ್ನು ಒಂದರ ಮೇಲೆ ಒಂದು ಇಟ್ಟು ಬುಡಕ್ಕೆ ಸ್ವಲ್ಪ ಅಂಟು ಹಚ್ಚಿ ಕೊಟ್ಟುಬಿಡುವಾ. ಮುಚ್ಚಿದ್ರೆ ಎಂಥದೂ ಗೊತ್ತಾಗುದಿಲ್ಲ. ಕಾಲೇಜು ಹುಡುಗರು ಆ ಅಂಕಿ ಎಲ್ಲ ಬಿಡಿಸಿ ನೋಡ್ತಾರಾ? ಹರಿದ್ರೂ ಅವರೇ ಹರಿದದ್ದು ಅಂತ ಆಗ್ತದೆ.”

ಬೇಡ ಎನ್ನಲು ತಡವಾಯಿತು. ಅಷ್ಟು ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಅವನು ಹೋದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿಕೊಂಡೇ ಅಂದಳು: “ನನ್ನ ಮಗಳು ಹೊಲದ ಪುಸ್ತಕ ಅಂತ ಹೇಳಿ ಕೊಡ್ತೀರೇನ್ ಅಳಿಯಂದ್ರ?”

ಎಲ್ಲ ಕೇಳಿಸಿಕೊಂಡಿದ್ದಾಳೆ. ಆವತ್ತು ಬಾಯಿಯ ಮುಂದೆ ನಾನು ಆಗಲಿ ಎಂದು ಒಪ್ಪಿದ್ದು ಅವಳಿಗೆ ಯಾರು ಹೇಳಿದರು? ಸೀನನೇ ಇರಬೇಕು.

೧೫ ಡಿಸೆಂಬರ್

ಕಾಲೇಜಿಗೆ ಹೋದೆ. ಮೂರೂ ಸಂಪುಟ, ತುಂಡುಗಳು, ಎಲ್ಲ ಚೀಲದಲ್ಲಿ. ಟ್ರಾಮಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ವಾರಿಜಾ ಬಾಯಿ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. “ಬಂದಿರಾ ಮಾರಾಯ್ರೆ! ಇವತ್ತು ನಾನೇ ಹೊರಟಿದ್ದೆ” ಎಂದು ಎದ್ದರು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ತೆರೆದು ತೋರಿಸಿದೆ. ಮಾತಿಗಿಂತ ಅದೇ ಸುಲಭ.

ಕೂತರು. ಒಂದೊಂದೇ ತುಂಡು ಎತ್ತಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ಮ ಮನೆಯವರು ನೋಡ್ಲಿಲ್ವಾ ಇದನ್ನು?” ಕೊನೆಗೆ ಕೇಳಿದರು.

“ಅಕಿ ಇಲ್ರಿ ಬಾಯಾರ. ಶ್ರಾವಣದಾಗ ಹೋದ್ಲು. ಟೈಫಾಯ್ಡ್.”

“ಆವತ್ತು ನಾನು ಅವರಿಂದಲೇ ಹೊಲಿಸಿ ಅಂದಾಗ ಆಗ್ಲಿ ಅಂದ್ರಿ.”

“ಹೂಂ ರಿ.”

ಅವರು ಎದ್ದು ಕಿಟಕಿ ಮುಚ್ಚಿದರು. ಹೊರಗೆ ಹುಡುಗರ ಗಲಾಟೆ. ಆಮೇಲೆ, “ಪಾಪ ಅನ್ನಿಸ್ತದೆ ಮುರಿಗೆಪ್ಪನವರೇ. ಆದ್ರೆ ನಾನು ಏನು ಮಾಡ್ಲಿ? ಲೇಖನ ಹೇಳುದು ಪೂರ್ತಿ ಈ ಟೇಬಲ್‌ಗಳ ಮೇಲೆ. ಟೇಬಲ್ ಇಲ್ಲದಿದ್ರೆ ಅದು ಬರೀ ಬಾಯಿಮಾತು. ಪ್ರಿನ್ಸಿಪಾಲರು ರಜೆ ಕಳೆದು ಕ್ಲಾಸಿಗೆ ಬಂದು ಕೂತ್ಕೊಳ್ತಾರಂತೆ” ಅಂದರು.

ತುಂಡುಗಳನ್ನು ಮೇಜಿನ ಮೇಲೆ ಪಕ್ಕ ಪಕ್ಕ ಜೋಡಿಸಿದರು. ಕೂಡಲಿಲ್ಲ. ನಡುವೆ ಒಂದು ಎಳೆಯಷ್ಟು ಹಾಳೆ ಇಲ್ಲ. ಕೆಲವು ಕಡೆ ಅಲ್ಲಿ ಬರೀ ಬಿಳಿ. ಕೆಲವು ಕಡೆ ಒಂದಿಡೀ ತಿಂಗಳಿನ ಅಂಕಿ ಹೋಗಿದೆ.

“ಕೊಯ್ದು ಬಿದ್ದ ಚೂರು ಎಲ್ಲಿ ಉಂಟು?” ತಟ್ಟನೆ ಕೇಳಿದರು.

ಗೋಣಿಯಲ್ಲಿ ಎಂದೆ. ರದ್ದಿಯವನು ಒಯ್ದಿರದಿದ್ದರೆ.

೧೬ ಡಿಸೆಂಬರ್

ರದ್ದಿಯವನು ಒಂದು ಗೋಣಿ ಒಯ್ದಿದ್ದ. ಒಂದು ಉಳಿದಿತ್ತು.

ಮಧ್ಯಾಹ್ನ ಬಾಯಿ ಬಂದರು, ಹಿಂದೆ ಏಳೆಂಟು ಹುಡುಗ ಹುಡುಗಿಯರು. ಸೀನ ಗೋಣಿಯನ್ನು ನೆಲದ ಮೇಲೆ ಸುರಿದ. ಸುತ್ತ ಕೂತರು. ಬಾಯಿಯೂ ಸೆರಗು ಸಿಕ್ಕಿಸಿ ಕೂತರು. ದಲಾಲರ ರಿಜಿಸ್ಟರಿನ ಚೂರು, ಬ್ಯಾಂಕಿನ ಚೂರು ಎಲ್ಲ ಬೆರೆತು ಹುಲ್ಲಿನ ಬಣವೆ ಆಗಿತ್ತು.

ಒಬ್ಬ ಹುಡುಗ ಗೊಣಗಿದ: “ಮಿಸ್, ಇದು ಎಕ್ಸಾಮಿಗೆ ಬರ್ತದಾ?”

“ಹುಡುಕು. ಆಮೇಲೆ ಹೇಳ್ತೇನೆ.”

ವಿನೋದಿನಿ ಎಂಬ ಹುಡುಗಿ ಚುರುಕು. ತಂದೆಯದು ಗ್ರಾಂಟ್ ರೋಡಿನಲ್ಲಿ ಹೋಟೆಲ್. ಕನ್ನಡ ಹುಡುಕಿ ಹುಡುಕಿ ಆಡುತ್ತಾಳೆ. ಎಳೆಯ ತುಂಡೊಂದನ್ನು ಹಿಡಿದು ಕೂಗಿದಳು: “ಮಿಲ್ ಗಯಾ! ಮಿಸ್, ಇದು ಧಾರವಾಡ ಹೈ!”

“ಹೆಸರಿಲ್ಲ, ಬರೀ ಅಂಕಿ. ಧಾರವಾಡ ಅಂತ ಹೇಗೆ ಹೇಳ್ತಿ?” ಬಾಯಿ ಕೇಳಿದರು.

“ಟೋಟಲ್ ಇದೆ ನಾ? ಬಾಕಿ ತಿಂಗಳು ಸಬ್ ಮೈನಸ್ ಮಾಡಿದ್ರೆ ಇದೇ ಬರ್ತದೆ. ಔರ್ ಡಿಸೆಂಬರಲ್ಲಿ ಇಷ್ಟು ಜಾಸ್ತಿ ಯಾಕೆ ಹೋಗ್ತದೆ? ಕಾಟನ್ ಇದ್ದಲ್ಲಿ ಮಾತ್ರ.”

 ಬಾಯಿ ಗೊಣಗಿದ ಹುಡುಗನ ಕಡೆ ಒಮ್ಮೆ ನೋಡಿದರು. ಅವನೂ ಪೆನ್ಸಿಲ್ ತೆಗೆದು ಕಳೆಯತೊಡಗಿದ. ಸೀನ ಎಲ್ಲರಿಗೂ ಇರಾನಿ ಹೋಟೆಲಿನಿಂದ ಚಹ ತಂದ. ಕೊಲ್ಹಾಪುರ ಸಿಕ್ಕಿತು, ಅರ್ಧ ರತ್ನಾಗಿರಿ ಸಿಕ್ಕಿತು. ಬೈಕುಲ್ಲಾದ ಆ ಕೊಳಕು ಗಲ್ಲಿಯಲ್ಲಿ ಹುಡುಗರು ಜಿಲ್ಲೆಗಳ ಹೆಸರು ಕೂಗುತ್ತಿದ್ದರು.

ಸಿಗದಿದ್ದನ್ನು ಲೆಕ್ಕ ಮಾಡಿ ಕೆಂಪು ಶಾಯಿಯಲ್ಲಿ ಬರೆಯುವುದೆಂದಾಯಿತು. ಒಂದೇ ಸಾಲಿನಲ್ಲಿ ಎರಡು ಅಂಕಿ ಹೋದಲ್ಲಿ ಲೆಕ್ಕವೂ ಕೂಡುವುದಿಲ್ಲ. ಅದಕ್ಕೆ ಬಾಯಿ ನಾಳೆ ಬ್ಯಾಂಕಿನ ಲೈಬ್ರರಿಗೇ ಹೋಗಿ, ಅವರ ಸ್ವಂತ ಪ್ರತಿ ನೋಡಿ ಬರೆದುಕೊಂಡು ಬರುತ್ತಾರಂತೆ.

“ಅಲ್ಲಿ ಏನಂತ ಹೇಳ್ತೀರಿ?” ಕೇಳಿದೆ.

“ಆದದ್ದನ್ನೇ. ಬೇರೆ ಎಂಥ ಹೇಳುದು?”

೧೮ ಡಿಸೆಂಬರ್

ಅಲ್ಲಿಯ ಲೈಬ್ರರಿಯನ್ ಬಾಯಿಯನ್ನು ನಿಲ್ಲಿಸಿಯೇ ಮಾತಾಡಿಸಿದನಂತೆ. ಬರೆದುಕೊಳ್ಳಲು ಬಿಟ್ಟ. ಆದರೆ ಟರ್ಮ್ ಮುಗಿದು ಸಂಪುಟಗಳು ವಾಪಸ್ ಬಂದಾಗ ನೋಡುತ್ತೇನೆ, ಸರಿಯಿಲ್ಲದಿದ್ದರೆ ಮುಂದಿನ ವರ್ಷ ಒಂದು ಹಾಳೆಯೂ ಈ ಕಟ್ಟಡದಿಂದ ಹೊರಗೆ ಬರುವುದಿಲ್ಲ ಎಂದನಂತೆ.

ಇನ್ನು ಕೈ ನನ್ನದು. ತುಂಡುಗಳನ್ನು ಕೂಡಿಸಬೇಕು, ಹಿಂದೆ ಬಟ್ಟೆ ಕೊಡಬೇಕು, ಚಂದ್ರವ್ವನ ಹಾಗೆ ಮಡಿಚಿ ಸಂಪುಟಕ್ಕೆ ಕೂಡಿಸಬೇಕು.

ಅವಳ ಹಾಗೆ ಎಂದರೆ ಹೇಗೆ? ವರ್ಷಗಟ್ಟಲೆ ಎದುರಿಗೆ ಕೂತು ಉಂಡವನು. ಕಣ್ಣಿಗೆ ಬಿದ್ದಿದೆ. ನೋಡಿಲ್ಲ. ರದ್ದಿ ಹಾಳೆಯ ಹಿಂದೆ ಹೊಸ ಕ್ಯಾಲಿಕೊ ಬಟ್ಟೆ ಕೊಟ್ಟು ಮಾಡಿ ನೋಡಿದೆ. ಎಳೆದರೆ ಬೆನ್ನಿನ ಹತ್ತಿರ ಹರಿಯುತ್ತದೆ. ಮತ್ತೆ ಮಾಡಿದೆ. ಮತ್ತೆ ಹರಿಯಿತು.

೨೦ ಡಿಸೆಂಬರ್

ಮನೆಯಲ್ಲಿ ಅವಳ ಅಟ್ಲಾಸ್ ಇದೆ. ರದ್ದಿಯಲ್ಲಿ ಬಂದದ್ದು, ಶಾಲೆಯದು, ಬೆನ್ನು ಹೋಗಿತ್ತು. ತನಗೆಂದು ತಾನೇ ಕಟ್ಟಿಕೊಂಡಳು. ಗಿರಾಕಿಯದಲ್ಲದ ಪುಸ್ತಕ ಅದೊಂದೇ. ಎಲ್ಲ ನಕ್ಷೆಗಳೂ ಮಡಿಚಿದವು. ತೆರೆದು ನೋಡಿದೆ. ಮೇಲಿನಿಂದ ಏನೂ ತಿಳಿಯುವುದಿಲ್ಲ. ಹಾಳೆ ಎಲ್ಲಿ ಶುರು, ಪಟ್ಟಿ ಎಲ್ಲಿ ಕೊನೆ — ಬಿಚ್ಚದೆ ಗೊತ್ತಾಗದು.

ಕತ್ತರಿ ತೆಗೆದುಕೊಂಡೆ. ಸಪ್ಪಳಕ್ಕೆ ಅತ್ತೆ ತಿರುಗಿದಳು.

“ಏನ್ ಅದು?”

ಹೇಳಿದೆ.

“ಅದನ್ನ ಮುಟ್ಟಬ್ಯಾಡ.”

“ನೋಡೇ ಕಲೀಬೇಕು ಅತ್ತಿ. ಬ್ಯಾರೆ ದಾರಿ ಇಲ್ಲ.”

“ಅಕಿ ಕೈಲೆ ಮಾಡಿದ್ದು ಈ ಮನ್ಯಾಗ ಇದೊಂದ ಉಳದೈತಿ. ಸೀರಿ ಕೊಟ್ಟಿ, ಬಳಿ ಕೊಟ್ಟಿ. ನಾ ಸುಮ್ಮ ಇದ್ದೆ. ಇದನ್ನೂ ಕೊಯ್ತಿ? ಊರ ಮಂದಿ ಹುಡುಗ್ರು ಓದಾಕ?”

ಅವಳು ಅತ್ತದ್ದು ಈ ಮನೆಯಲ್ಲಿ ಮೊದಲ ಸಲ ನೋಡಿದೆ. ಕತ್ತರಿ ಒಳಗಿಟ್ಟೆ.

೨೧ ಡಿಸೆಂಬರ್

ಬೆಳಿಗ್ಗೆ ಊಟದ ಡಬ್ಬಿ ಎತ್ತಿಕೊಳ್ಳಲು ಹೋದರೆ, ಅದರ ಕೆಳಗೆ ಅಟ್ಲಾಸ್. ಅತ್ತೆ ರೊಟ್ಟಿ ತಟ್ಟುತ್ತಿದ್ದಳು. ನೋಡಲಿಲ್ಲ.

“ಮೆಲ್ಲಕ ಬಿಚ್ಚು” ಅಂದಳು. ಅಷ್ಟೇ.

ಅಂಗಡಿಯಲ್ಲಿ ಬಿಚ್ಚಿದೆ. ಸೀನನನ್ನು ಹೊರಗೆ ಕಳಿಸಿದೆ. ದಾರ ಒಂದೊಂದೇ ಕತ್ತರಿಸಿ ಎಳೆದೆ. ನಕ್ಷೆ ಬೆನ್ನಿಗೆ ನೇರವಾಗಿ ಅಂಟಿಯೇ ಇಲ್ಲ. ನಡುವೆ ಬಟ್ಟೆಯ ಪಟ್ಟಿ, ಅದಕ್ಕೆ ನಕ್ಷೆ. ಎಳೆತ ಬಿದ್ದರೆ ಬಟ್ಟೆ ತಾಳಿಕೊಳ್ಳುತ್ತದೆ. ಹೊರಗಿನ ಮಡಿಕೆ ಅಂಚಿನಿಂದ ಒಂದು ಬೆರಳು ಒಳಗೆ. ಮೇಲಿನ ಮೂಲೆ ಮಾತ್ರ ಸ್ವಲ್ಪ ಓರೆ — ಹೆಬ್ಬೆರಳಿಗೆ ಸಿಕ್ಕಲೆಂದು.

ಪಟ್ಟಿ ನಮ್ಮ ಕ್ಯಾಲಿಕೊ ಅಲ್ಲ. ಅವಳ ಹಳೆಯ ಹಸಿರು ಸೀರೆ. ಒಗೆದೂ ಒಗೆದೂ ಮೆತ್ತಗಾದದ್ದು. ಹೊಸ ಬಟ್ಟೆ ಸೆಟೆದುಕೊಳ್ಳುತ್ತದೆ, ಹಾಳೆಯನ್ನು ಕೊಯ್ಯುತ್ತದೆ. ಅದಕ್ಕೇ ನನ್ನದು ಹರಿಯುತ್ತಿದ್ದದ್ದು.

ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ.

೨೨ ಡಿಸೆಂಬರ್

ಅತ್ತೆಗೆ ಬಟ್ಟೆಯ ವಿಷಯ ಹೇಳಿದೆ. ಟ್ರಂಕು ತೆಗೆದು, ತನ್ನದೊಂದು ಸೀರೆ ಬೆರಳಲ್ಲಿ ಉಜ್ಜಿ ನೋಡಿ, ಹಲ್ಲಿನಿಂದ ಅಂಚು ಕಚ್ಚಿ ಚರ್ರೆಂದು ಸೀಳಿದಳು.

“ಇನ್ನೇನ್ ಉಡತೀನಿ ಈ ವಯಸ್ಸಿಗೆ. ಬ್ಯಾಂಕಿನವ್ರ ಉಡ್ಲಿ.”

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

೯ ಜನವರಿ ೧೯೫೪

ಆಯಿತು. ಬೆನ್ನು ನೋಯುತ್ತದೆ, ಬೆರಳೆಲ್ಲ ಅಂಟು. ಕೆಂಪು ಅಂಕಿಗಳು ಬಾಯಿಯ ಅಕ್ಷರದಲ್ಲಿ. ಪ್ರತಿ ಹಾಳೆಯ ಕೆಳಗೆ, ಕೆಂಪು ಶಾಯಿಯಲ್ಲಿರುವುದು ತುಂಬಿದ್ದು ಎಂದು ಬರೆದಿದ್ದಾರೆ. ಸಂಜೆ ಪ್ಯೂನನ ಕೈಗೆ ಕೊಟ್ಟೆ. ಹಿಡಿದುಕೊಳ್ಳುವುದು ಹೇಗೆಂದು ಎರಡು ಸಲ ಹೇಳಿದೆ. ಅವನಿಗೆ ಸಿಟ್ಟು ಬಂತು.

೧೧ ಜನವರಿ

ಬಾಯಿ ಹೇಳಿಕಳಿಸಿದ್ದರು, ಹೋದೆ. ಹಾಳೆ ಬಿಡಿಸುವ ರೀತಿ ಹುಡುಗರಿಗೆ ನಾನೇ ತೋರಿಸಬೇಕಂತೆ.  ಮೆಟ್ರಿಕ್ ಆದ ಮೇಲೆ ಕ್ಲಾಸಿನೊಳಗೆ ಕಾಲಿಟ್ಟದ್ದು ಇದೇ. ಪ್ರಿನ್ಸಿಪಾಲರು ಹಿಂದಿನ ಬೆಂಚಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದರು.

ಎಡಗೈ ಕೆಳಗೆ, ಹೆಬ್ಬೆರಳು ಓರೆ ಮೂಲೆಗೆ, ಎಳೆಯಬಾರದು, ಎತ್ತಬೇಕು. ತೋರಿಸಿ ಗೋಡೆಯ ಹತ್ತಿರ ನಿಂತೆ.

ಪ್ರಿನ್ಸಿಪಾಲರು ಎದ್ದುಬಂದು ಒಂದು ಹಾಳೆಯ ಮೇಲೆ ಬೆರಳಿಟ್ಟು, ಇದರಿಂದ ಏನು ತಿಳಿಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರಿಗೂ ತಿಳಿದಿರಲಾರದು ಎಂಬ ಮುಖ. ವಿನೋದಿನಿ ಎದ್ದಳು. ಹಾಳೆ ನೋಡದೆ ಹೇಳಿದಳು — ಎಲ್ಲಿಗೆ ಎಷ್ಟು ಹೋಯಿತು, ಯಾವ ತಿಂಗಳು ತಿರುಗಿತು, ಎಲ್ಲಿಂದ ಪೂರ್ತಿ ತಿರುಗಿ ಬರಲಿಲ್ಲ. ಅದರ ಹಿಂದೆಯೇ ಆವತ್ತು ಗೊಣಗಿದ ಹುಡುಗನೂ ಎದ್ದು, ತಿರುಗಿ ಬರದಿದ್ದದ್ದಕ್ಕೆ ಎರಡು ಕಾರಣ ಹೇಳಿದ. ಆ ಅಂಕಿ ಹುಡುಕಿದವನು ಅವನೇ. ಇಬ್ಬರೂ ಜಗಳವನ್ನೇ ಶುರು ಮಾಡಿದರು. ಪ್ರಿನ್ಸಿಪಾಲರು ಇಬ್ಬರನ್ನೂ ಕೂರಿಸಬೇಕಾಯಿತು.

ಹೋಗುವಾಗ ಬಾಯಿಗೆ ಅಂದರು: ಈ ವರ್ಷ ನಡೆಯಲಿ. ಮುಂದಿನ ಮಾತು ಬ್ಯಾಂಕಿನವರು ಇವನ್ನು ವಾಪಸ್ ತೆಗೆದುಕೊಂಡ ಮೇಲೆ.

ತಿರುಗಿ ಬರದ ನೋಟು ಎಲ್ಲಿ ಹೋಗುತ್ತದೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ದಾರಿಯುದ್ದಕ್ಕೂ ಅದೇ ತಲೆಯಲ್ಲಿ.

೨ ಮಾರ್ಚ್

ಮತ್ತೆ ರಿಜಿಸ್ಟರ್‌ಗಳು. ಬಿಸಿಲು. ಅತ್ತೆಗೆ ಕೆಮ್ಮು ಜಾಸ್ತಿ, ಊರಿಗೆ ಬಿಟ್ಟುಬರಲೇ ಎಂದೆ. “ನಿನಗ ಅಂಟು ಕಾಸಾಕ ಬರೂದಿಲ್ಲ, ನಾ ಹೋದ್ರ ಹೆಂಗ?” ಅಂದಳು.

ಅಟ್ಲಾಸನ್ನು ಮತ್ತೆ ಹೊಲಿದಿಲ್ಲ. ಬಿಡಿಯಾಗಿಯೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

೮ ಏಪ್ರಿಲ್

ವಾರಿಜಾ ಬಾಯಿ ಬಂದರು. ಟ್ಯಾಕ್ಸಿ. ಕೈಯಲ್ಲಿ ಗಂಟು. ಬ್ಯಾಂಕಿನವರು ಒಪ್ಪಿದ್ದಾರೆಂದು ಗಂಟು ನೋಡಿಯೇ ತಿಳಿಯಿತು. ಮೇಜಿನ ಮೇಲಿನ ರಟ್ಟು ಸರಿಸಿ ಜಾಗ ಮಾಡಿದೆ.

“ಒಂದೊಂದು ಹಾಳೆ ಬಿಡಿಸಿ ನೋಡಿದ ಮಾರಾಯ್ರೆ ಆ ಮನುಷ್ಯ. ನನ್ನ ಪ್ರಾಣ ಕೈಯಲ್ಲಿ. ಕೆಂಪು ಅಂಕಿ ತನ್ನ ಪ್ರತಿಯ ಜೊತೆ ತಾಳೆ ನೋಡಿದ. ಮತ್ತೆ ಒಳಗೆ ಹೋಗಿ ಈ ವರ್ಷದ್ದು ತಂದಿಟ್ಟ. ಕಟ್ಟಿದವನೇ ಕಟ್ಟಬೇಕು ಅಂತ ಒಂದೇ ಮಾತು.”

ಪ್ರಿನ್ಸಿಪಾಲರೂ ಒಪ್ಪಿದ್ದಾರೆ.

“ಪರೀಕ್ಷಾದಾಗ ಬಂತೇನ್ರಿ?” ಆ ಗೊಣಗುವ ಹುಡುಗನ ಬದಲು ನಾನೇ ಕೇಳಿದೆ.

“ಒಂದೂ ಪ್ರಶ್ನೆ ಬರ್ಲಿಲ್ಲ! ಲಂಡನ್ನೇ ಕೇಳಿದ್ದಾರೆ. ನಮ್ಮವರು ಲಂಡನ್ನಿನ ಉತ್ತರದಲ್ಲಿ ಹುಬ್ಬಳ್ಳಿ ತುರುಕಿ ಬಂದಿದ್ದಾರಂತೆ. ಪಾಸ್ ಮಾಡುವವರು ಏನು ಮಾಡ್ತಾರೋ.”

ಸೀನ ಬಿದ್ದು ಬಿದ್ದು ನಕ್ಕ.

ಈ ಸಲದ ಗಂಟು ದೊಡ್ಡದು. ಮಡಿಕೆ ಹಾಳೆಗಳೂ ಹೆಚ್ಚು. ಒಬ್ಬನಿಂದ ಆಗದು. ಪಕ್ಕದ ಚಾಳಿನ ಕಾಶವ್ವ ಕೆಲಸ ಕೇಳಿ ಎಷ್ಟೋ ಸಲ ಬಂದಿದ್ದಳು. ಪ್ರತಿ ಸಲವೂ ಏನಾದರೂ ಹೇಳಿ ಕಳಿಸಿದ್ದೆ. ಬರಹೇಳಿದೆ.

೧೨ ಏಪ್ರಿಲ್

ಕಾಶವ್ವ ಇವತ್ತು ಮನೆಗೆ ಬಂದಳು. ಬಿಜಾಪುರದ ಕಡೆಯವಳು, ಗಂಡ ಮಿಲ್ಲಿನಲ್ಲಿ. ಕೈ ಮೃದು, ಅವಸರ ಮಾತ್ರ ಜಾಸ್ತಿ. ನಾನು ರಟ್ಟು ಅಳೆಯುತ್ತಿದ್ದೆ. ಕಲಿಸುವುದೆಲ್ಲ ಅತ್ತೆಯದೇ. ಕಣ್ಣು ಕಾಣದಿದ್ದರೂ ಕಾಶವ್ವನ ಬೆರಳ ಮೇಲೆ ತನ್ನ ಬೆರಳಿಟ್ಟು ಗದರಿಸುತ್ತಿದ್ದಳು.

“ಹಂಗಲ್ಲವಾ! ನನ್ನ ಮಗಳು ಹಂಗ ಮಾಡ್ತಿದ್ದಿಲ್ಲ. ಹಿಂಗ ಮಡಚ್ತಿದ್ಲು, ಆಮ್ಯಾಲೆ ಹಿಂಗ ತಿರುವಿ ಉಗುರಿಲೆ ತೀಡ್ತಿದ್ಲು.”

ಸುಳ್ಳು. ಮಗಳು ಮಡಿಚುವುದನ್ನು ಅತ್ತೆ ಕಂಡೇ ಇಲ್ಲ. ಆಗ ಊರಲ್ಲಿದ್ದಳು. ಉಗುರಿನಿಂದ ತೀಡುವುದು ನನ್ನ ರೂಢಿ, ಈ ಚಳಿಗಾಲದ್ದು. ಹೇಳಲೆಂದು ಬಾಯಿ ತೆರೆದೆ.

ಕಾಶವ್ವ ತಲೆಯೆತ್ತಿ ನನ್ನನ್ನು ಕೇಳಿದಳು: “ಹೌದೇನ್ರಿ ಅಣ್ಣಾರ? ಹೆಂಗ ಕುಂದರ್ತಿದ್ರು ಅವರು?”

ಅತ್ತೆಯೂ ಈ ಕಡೆ ಮುಖ ತಿರುಗಿಸಿದಳು. ಅವಳಿಗೂ ಬೇಕಾಗಿತ್ತು.

ಹೇಳಿದೆ. ಬೆಳಗಿನ ಹೊತ್ತು ಹೊಸ್ತಿಲಿಗೆ ಒರಗಿ ಕೂಡ್ತಿದ್ದಳು. ಒಂದು ಕಾಲು ಚಾಚಿ. ದಾರ ಹಲ್ಲಲ್ಲಿ. ಹಾಳೆ ಎದೆಗೆ ಒತ್ತಿ ಮಡಿಚುವಳು, ಕೈಯಿಂದಲ್ಲ. ಮಾತಾಡಿಸಿದರೆ ದಾರ ಬಿಡದೆಯೇ ಹೂಂ ಅನ್ನುವಳು. ಒಮ್ಮೊಮ್ಮೆ ತಾನೇ ನಿಲ್ಲಿಸಿ, ಹಾಳೆ ಪೂರ್ತಿ ಬಿಡಿಸಿ ಹಿಡಿದು, ಅದರ ಮೇಲಿನಿಂದ ನನ್ನನ್ನು ನೋಡುವಳು.